ಕೆಂಪು ಪೀಪಾಯಿಯವರೆಗೆ ಕೇಳಿಸುವ ಗಂಟಲು

ದೋಣಿ ಕ್ಲಬ್ಬಿನ ಮೇಷ್ಟ್ರೂ ಗ್ರಂಥಾಲಯದ ಮೇಲ್ವಿಚಾರಕರೂ ಅಣ್ಣ-ತಮ್ಮ ಎಂದು ಈ ಸಾಲುಗಳನ್ನು ಬರೆಯುತ್ತಿರುವವನು ಬಹಳ ಕಾಲ ನಂಬಿದ್ದ. ನಂಬಿ ಸುಮ್ಮನಿರದೆ ನಾಲ್ಕು ಜನಕ್ಕೆ ಹೇಳಿಯೂ ಇದ್ದ. ಇಬ್ಬರ ಮುಖದಲ್ಲಿ ಹೋಲಿಕೆ ಇತ್ತು. ಉಳಿದದ್ದು ಯಾವುದೂ ಹೊಂದುತ್ತಿರಲಿಲ್ಲ. ರಜೆಯ ದಿನಗಳಲ್ಲಿ ಬೆಳಿಗ್ಗೆ ನೀರಿನ ಕಡೆ ವಾಕಿಂಗ್ ಹೋದರೆ, ದೋಣಿ ಕಟ್ಟುವ ಜೆಟ್ಟಿಯ ತುದಿಯಲ್ಲಿ ತೊಯ್ದ ಚಡ್ಡಿ, ಬಣ್ಣಗೆಟ್ಟ ಟೋಪಿ, ಮೂಗಿನ ಮೇಲೆ ಬಿಳಿ ಮುಲಾಮಿನ ಒಬ್ಬ ಮನುಷ್ಯ ಕತ್ತಿನ ನರ ಉಬ್ಬಿಸಿಕೊಂಡು "ಹಗ್ಗ ಬಿಡೋ! ತಲೆ! ತಲೆ!" ಎಂದು ಅರಚುತ್ತಿದ್ದ. ಸಂಜೆ ಗ್ರಂಥಾಲಯಕ್ಕೆ ಹೋದರೆ, ಇಸ್ತ್ರಿ ಅಂಗಿಯ, ಕನ್ನಡಕದ ಸಜ್ಜನರೊಬ್ಬರು ಕುರ್ಚಿ ಎಳೆದ ಸದ್ದಿಗೇ ನೊಂದುಕೊಂಡು ತುಟಿಯ ಮೇಲೆ ಬೆರಳಿಡುತ್ತಿದ್ದರು. ಒಂದು ದಿನ ತಡೆಯಲಾರದೆ ಅವರ ಮೇಜಿನ ಬಳಿ ಹೋಗಿ, "ಸ್ವಲ್ಪ ಮೆಲ್ಲಗೆ ಕೂಗೋಕೆ ನಿಮ್ಮ ತಮ್ಮನಿಗೆ ಹೇಳ್ತೀರಾ?" ಎಂದು ಕೇಳಿದ್ದಾಯಿತು. ಅವರು ಕನ್ನಡಕದ ಮೇಲಿಂದ ನೋಡಿ, "ಹೇಳ್ತೀನಿ" ಎಂದು ಪಿಸುಗುಟ್ಟಿದರು. ಮರುದಿನ ಕೂಗು ಇನ್ನೂ ಜೋರಾಗಿತ್ತು.

ಇಬ್ಬರೂ ಒಬ್ಬರೇ ಎಂದು ಗೊತ್ತಾದದ್ದು ಅಣ್ಣನ ಗಂಟಲೂ ತಮ್ಮನ ಗಂಟಲೂ ಒಂದೇ ದಿನ ಕೆಟ್ಟಾಗ.

ಅದು ರಜೆ ಶುರುವಾಗುವ ಹೊತ್ತು. ಮಕ್ಕಳಿಗೆ ದೋಣಿ ಕಲಿಸುವ ಕೆಲಸ ರಜೆ ಮುಗಿಯುವವರೆಗೆ ಮಾತ್ರ. ಗ್ರಂಥಾಲಯ ವರ್ಷವಿಡೀ ಸಂಜೆ ಹೊತ್ತು. ಆದರೆ ಯಾರಾದರೂ "ಏನು ಕೆಲಸ?" ಎಂದರೆ ಮೇಷ್ಟ್ರು ದೋಣಿಯನ್ನೇ ಹೇಳುತ್ತಿದ್ದರು. ಗ್ರಂಥಾಲಯ ಎಂದರೆ ಅವರ ಪಾಲಿಗೆ ಮುಂದಿನ ರಜೆ ಬರುವ ತನಕ ಕೂತುಕೊಳ್ಳುವ ಜಾಗ. ಇಪ್ಪತ್ತು ವರ್ಷದಿಂದ ಊರಿನ ಮಕ್ಕಳು ಅವರ ಕೈಯಲ್ಲೇ ಹುಟ್ಟು ಹಾಕಲು, ಗಂಟು ಬಿಗಿಯಲು, ದೋಣಿ ಮಗುಚಿದರೆ ಅಳದೆ ಅದನ್ನು ಹಿಡಿದುಕೊಂಡಿರಲು ಕಲಿತಿದ್ದರು. ಮಕ್ಕಳು ಅವರನ್ನು ಗಂಟಲು ಮೇಷ್ಟ್ರು ಎನ್ನುತ್ತಿದ್ದರು. ಅದನ್ನು ಅವರು ಬಿರುದು ಎಂದುಕೊಂಡಿದ್ದರು.

ಗಂಟಲ ಡಾಕ್ಟರು ಒಳಗೆ ಕನ್ನಡಿ ಹಾಕಿ ನೋಡಿ, "ಏನು ಕೆಲಸ ನಿಮ್ದು?" ಎಂದರು.

"ಬೆಳಿಗ್ಗೆ ಕೂಗೋದು. ಸಂಜೆ ಪಿಸುಗುಟ್ಟೋದು."

"ಕೂಗಿ ಅರ್ಧ ಕೆಡಿಸ್ಕೊಂಡಿದ್ದೀರಿ. ಪಿಸುಗುಟ್ಟಿ ಇನ್ನರ್ಧ ಕೆಡಿಸ್ಕೊಂಡಿದ್ದೀರಿ. ಎರಡೂ ಬಿಡಿ. ಎಲ್ಲರ ಹಾಗೆ ಮಾತಾಡಿ, ಸಾಕು."

ಎಲ್ಲರ ಹಾಗೆ ಮಾತಾಡುವ ಜಾಗ ಮೇಷ್ಟ್ರ ಬದುಕಿನಲ್ಲಿ ಎಲ್ಲೂ ಇರಲಿಲ್ಲ. ಮನೆಯೊಂದಿತ್ತು, ಅಲ್ಲಿ ಹೆಂಡತಿ ಮಾತಾಡುತ್ತಿದ್ದರು.

ಗ್ರಂಥಾಲಯ ಹೇಗೋ ನಡೆಯಿತು. ತುಟಿಯ ಮೇಲಿನ ಬೆರಳಿಗೆ ಗಂಟಲು ಬೇಕಿಲ್ಲ. ಕಷ್ಟವಿದ್ದದ್ದು ಕ್ಲಬ್ಬಿನಲ್ಲಿ. ಜೆಟ್ಟಿಯಿಂದ ಸಾಕಷ್ಟು ದೂರದಲ್ಲಿ, ಮಕ್ಕಳು ಅದಕ್ಕಿಂತ ಆಚೆ ಹೋಗಬಾರದೆಂದು, ಒಂದು ಕೆಂಪು ಪೀಪಾಯಿಯನ್ನು ತೇಲಿಬಿಟ್ಟು ಕಟ್ಟಿದ್ದರು. 'ಜೆಟ್ಟಿಯ ಮೇಲಿಂದ ಹೇಳಿದ ಮಾತು ಕೆಂಪು ಪೀಪಾಯಿಯವರೆಗೆ ಕೇಳಿಸತಕ್ಕದ್ದು' ಎಂಬುದು ಕ್ಲಬ್ಬಿನ ನಿಯಮ. ಅದನ್ನು ಬರೆದವರು ಕಾರ್ಯದರ್ಶಿಗಳು. ಅವರು ಬಿಳಿ ಪ್ಯಾಂಟು, ಚಿನ್ನದ ದಾರದಲ್ಲಿ ಲಂಗರು ಕಸೂತಿ ಮಾಡಿದ ಟೋಪಿ ಹಾಕಿಕೊಂಡು ಓಡಾಡುತ್ತಿದ್ದರು. ಅವರ ಅಕ್ಕನ ಮಗನ ಹತ್ತಿರ ಒಂದು ಕೈಮೈಕು ಇತ್ತು. ಆ ಮೈಕಿಗೊಂದು ಕೆಲಸ ಕೊಡಿಸಬೇಕೆಂದು ಅವರು ಎರಡು ವರ್ಷದಿಂದ ಯೋಚಿಸುತ್ತಿದ್ದರು.

ಮೇಷ್ಟ್ರು ಮನೆಗೆ ಬಂದು, ಎಲ್ಲರ ಹಾಗಿನ ದನಿಯಲ್ಲಿ, "ಮುಗೀತು" ಎಂದರು.

ಹೆಂಡತಿ ಹೊಲಿಗೆ ಮೆಷಿನ್ನಿನ ಮುಂದೆ ಯಾರದ್ದೋ ಪ್ಯಾಂಟಿನ ಸೊಂಟ ಬಿಡಿಸುತ್ತಿದ್ದರು. ಉದ್ದ ಮಾಡುವುದು, ಗಿಡ್ಡ ಮಾಡುವುದು, ಜಿಪ್ ಹಾಕುವುದು ಆಕೆಯ ಕಸುಬು. ಗಿರಾಕಿ ಬೀದಿಯ ತಿರುವಿನಲ್ಲಿದ್ದರೂ ಕಿಟಕಿಯಿಂದಲೇ ಕರೆದು ಅಳತೆ ಕೇಳುವ ಪೈಕಿ.

"ಏನ್ ಮುಗೀತು?"

"ಕೆಲಸ. ಪೀಪಾಯಿ ತನಕ ಕೇಳಿಸ್ಬೇಕು. ಕೇಳಿಸಲ್ಲ."

"ನಂದು ಕೇಳಿಸುತ್ತೆ" ಎಂದು ಆಕೆ ದಾರ ಕಚ್ಚಿ ಕತ್ತರಿಸಿದರು. "ನೀವು ನನಗೆ ಹೇಳಿ, ನಾನು ಅವಕ್ಕೆ ಹೇಳ್ತೀನಿ. ಬೆಳಿಗ್ಗೆ ಹೊತ್ತು ಹೇಗೂ ಗಿರಾಕಿ ಇರಲ್ಲ."

"ನಿನಗೆ ದೋಣಿ ಗೊತ್ತಾ?"

"ನೀವು ಹೇಳಿದ್ದನ್ನ ಕೂಗೋಕೆ ದೋಣಿ ಯಾಕ್ರೀ ಗೊತ್ತಿರ್ಬೇಕು?"

ಮೇಷ್ಟ್ರು ವಾದ ಮಾಡಬೇಕೆಂದರೆ ದನಿ ಏರಿಸಬೇಕಿತ್ತು. ಅದನ್ನು ಡಾಕ್ಟರು ಬೇಡ ಎಂದಿದ್ದರು.

ಹೀಗೆ ಜೆಟ್ಟಿಯ ತುದಿಯಲ್ಲಿ ಎರಡು ಮಡಚುವ ಕುರ್ಚಿಗಳು ಬಂದವು. ಪುಟ್ಟ ಹಾಯಿದೋಣಿಗಳಲ್ಲಿ ಇಬ್ಬಿಬ್ಬರಂತೆ ಮಕ್ಕಳು ಹೊರಟರು. ಮೇಷ್ಟ್ರು ಮುಂದೆ ನೋಡುತ್ತ, "ಎರಡನೇ ದೋಣಿಯವನಿಗೆ ತಲೆ ಬಗ್ಗಿಸೋಕೆ ಹೇಳು" ಎಂದರು. ಹಾಯಿ ಮಗ್ಗುಲು ಬದಲಿಸುವಾಗ ಅದರ ಕೆಳಗಿನ ಅಡ್ಡಗೋಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೀಸಿಕೊಂಡು ಬರುತ್ತದೆ. ಬಗ್ಗದಿದ್ದರೆ ತಲೆಗೇ ಬೀಳುತ್ತದೆ.

ಆಕೆ ಎದ್ದು ನಿಂತು ಕೂಗಿದರು: "ಏ ಪಟ್ಟೆ ಬನಿಯನ್ನು! ತಲೆ ಬಗ್ಗಿಸೋ! ನಿಮ್ಮಮ್ಮ ನಿನ್ನ ತಲೆ ಸಮೇತ ಕಳಿಸಿದ್ದಾಳೆ, ತಲೆ ಸಮೇತ ವಾಪಸ್ ಕೊಡ್ಬೇಕು ನಾನು!"

ಹುಡುಗ ಬಗ್ಗಿದ. ಅಕ್ಕಪಕ್ಕದ ದೋಣಿಗಳಲ್ಲೂ ಎಲ್ಲರೂ ಬಗ್ಗಿದರು. ಪೀಪಾಯಿಯ ಆಚೆ ಬಲೆ ಎಳೆಯುತ್ತಿದ್ದ ಮೀನುಗಾರನೊಬ್ಬನೂ ಬಗ್ಗಿದ.

"ನಾನು ಹೇಳಿದ್ದು ಅಷ್ಟೇ ಅಲ್ವಾ? ತಲೆ ಬಗ್ಗಿಸು ಅಂತ?" ಎಂದರು ಮೇಷ್ಟ್ರು.

"ಉಳಿದಿದ್ದು ನಂದು."

ಆಕೆಗೆ ಯಾವ ಮಗುವಿನ ಹೆಸರೂ ನೆನಪಿರುತ್ತಿರಲಿಲ್ಲ, ಬಟ್ಟೆ ನೆನಪಿರುತ್ತಿತ್ತು. ನೀಲಿ ಜಿಪ್ಪು, ಹರಿದ ಕಾಲರು, ಅಣ್ಣನ ಚಡ್ಡಿ ಎಂದೇ ಕರೆಯುತ್ತಿದ್ದರು. ಅಣ್ಣನ ಚಡ್ಡಿ ಎಂದರೆ ಎರಡು ಅಳತೆ ದೊಡ್ಡ ಚಡ್ಡಿ ಹಾಕಿಕೊಂಡು ಬರುತ್ತಿದ್ದ ಸಣ್ಣ ಹುಡುಗಿ. ಎಲ್ಲರಿಗಿಂತ ಚೆನ್ನಾಗಿ ಚುಕ್ಕಾಣಿ ಹಿಡಿಯುತ್ತಿದ್ದವಳೂ ಅವಳೇ. ಕೆಲವೇ ದಿನಗಳಲ್ಲಿ ಮಕ್ಕಳು ತಮ್ಮತಮ್ಮಲ್ಲೂ ಹೀಗೆಯೇ ಕರೆದುಕೊಳ್ಳತೊಡಗಿದರು. ಮನೆಯಲ್ಲಿ ತಾಯಂದಿರಿಗೆ, "ಇವತ್ತು ನಾನೂ ಹರಿದ ಕಾಲರೂ ಒಂದೇ ದೋಣಿ" ಎಂದು ಹೇಳಿ ಕಾಲರಿನ ಮನೆಯವರಿಗೆ ಮುಜುಗರ ತಂದರು. ಆ ಕಾಲರು ಹೊಲಿಗೆಗೆ ಬಂತು.

ಎಲ್ಲ ಸರಿಯಾಗಿದೆ ಎನ್ನುವಾಗ ಮೇಷ್ಟ್ರಿಗೆ ಒಂದು ವಿಚಾರ ಮುಳ್ಳಿನಂತೆ ಚುಚ್ಚತೊಡಗಿತು. ಮಕ್ಕಳು ಈಗ ಜೆಟ್ಟಿಯ ಕಡೆ ತಿರುಗಿದರೆ ನೋಡುತ್ತಿದ್ದದ್ದು ಎಡಗಡೆಯ ಕುರ್ಚಿಯನ್ನು. ಬಲಗಡೆಯದರಲ್ಲಿ ಅವರು ಕೂತಿದ್ದರು. ಒಬ್ಬ ಹೊಸ ಹುಡುಗ ಬಂದವನೇ ಆಕೆಯ ಕಾಲಿಗೆ ಬಿದ್ದಷ್ಟು ಗೌರವದಿಂದ ನಿಂತು, ಮೇಷ್ಟ್ರ ಕೈಗೆ ತನ್ನ ಚಪ್ಪಲಿ ಕೊಟ್ಟು, "ಅಂಕಲ್, ನೋಡ್ಕೊಳ್ತೀರಾ?" ಎಂದ. ಅವರು ನೋಡಿಕೊಂಡರು.

ಅಷ್ಟರಲ್ಲಿ ಮೇಷ್ಟ್ರ ಗಂಟಲು ಕೆಟ್ಟ ಸುದ್ದಿ ಕಾರ್ಯದರ್ಶಿಗಳ ಕಿವಿಗೆ ಬಿತ್ತು. ಅವರು ಜೆಟ್ಟಿಗೆ ಬಂದದ್ದು ಬೆಳಿಗ್ಗೆ ಬೇಗ, ಆಕೆ ಇನ್ನೂ ಬಂದಿರದ ಹೊತ್ತಿಗೆ.

"ನಾಳೆ ನಾನೇ ದೋಣಿಯಲ್ಲಿ ಕೂತು ಪೀಪಾಯಿ ಹತ್ತಿರ ಹೋಗ್ತೀನಿ. ಜೆಟ್ಟಿಯಿಂದ ಹೇಳಿದ್ದು ಅಲ್ಲಿ ನನಗೆ ಕೇಳಿಸ್ಬೇಕು. ಕೇಳಿಸ್ತೋ, ಮುಂದಿನ ವರ್ಷನೂ ನೀವೇ. ಇಲ್ವೋ, ನಾಡಿದ್ದಿಂದ ನಮ್ಮ ಹುಡುಗ ಬರ್ತಾನೆ. ಅವನ ಹತ್ತಿರ ಮೈಕಿದೆ."

"ಆಗಲಿ."

"ಇದರಲ್ಲಿ ವೈಯಕ್ತಿಕ ಏನಿಲ್ಲ."

"ಇಲ್ಲ ಬಿಡಿ."

ನಾಳೆ ಪರೀಕ್ಷೆ ಇದೆ ಎಂದಷ್ಟೇ ಮೇಷ್ಟ್ರು ಮನೆಯಲ್ಲಿ ಹೇಳಿದರು. ಯಾರು ಬರುತ್ತಾರೆ ಎಂದು ಹೇಳಲು ಬಾಯಿ ತೆರೆದಾಗ ಮೆಷಿನ್ನು ಓಡುತ್ತಿತ್ತು, ಅದರ ಮೇಲೆ ಕೂಗುವಂತಿರಲಿಲ್ಲ.

ಮರುದಿನ ಕಾರ್ಯದರ್ಶಿಗಳು ಬಿಳಿ ಪ್ಯಾಂಟಿನಲ್ಲಿ, ಟೋಪಿಯಲ್ಲಿ, ಕೊಟ್ಟ ಲೈಫ್ ಜಾಕೆಟ್ಟನ್ನು ಶಾಲಿನಂತೆ ಹೊದ್ದು ಬಂದರು. ಅಣ್ಣನ ಚಡ್ಡಿ ಅವರ ಜಾಕೆಟ್ಟಿನ ಬಕಲ್ಲನ್ನು ತಾನೇ ಹಾಕಿ, "ಇದಿಲ್ದೆ ನನ್ನ ದೋಣಿ ಹೊರಡಲ್ಲ ಅಂಕಲ್" ಎಂದಳು. ಅವಳು ಚುಕ್ಕಾಣಿ, ಪಟ್ಟೆ ಬನಿಯನ್ನು ಹಾಯಿಯ ಹಗ್ಗ, ನಡುವೆ ಕಾರ್ಯದರ್ಶಿಗಳು. ದೋಣಿಗಳೆಲ್ಲ ಹೊರಟ ಮೇಲೆ ಮೇಷ್ಟ್ರ ಹೆಂಡತಿ ಬಂದು ಕುರ್ಚಿ ಬಿಡಿಸಿ ಕೂತರು.

ಪೀಪಾಯಿಯ ಹತ್ತಿರ ದೋಣಿಗಳು ಸಾಲಾಗಿ ತಿರುಗುತ್ತಿದ್ದಾಗ ಎಡಗಡೆಯ ನೀರು ಕಪ್ಪಗಾಗುತ್ತ ಬಂತು. ಗಾಳಿ ನೀರಿನ ಮೇಲೆ ಓಡಿಬರುವಾಗ ಹಾಗೆ ಕಾಣುತ್ತದೆ. ಮೇಷ್ಟ್ರು ಅದನ್ನು ನೋಡಿದರು. ಮಾಡಬೇಕಾದದ್ದು ಒಂದೇ: ಹಾಯಿಯ ಹಗ್ಗ ಬಿಟ್ಟರೆ ಗಾಳಿ ಹಾಯಿಯಿಂದ ಸೋರಿಹೋಗುತ್ತದೆ, ದೋಣಿ ನೆಟ್ಟಗೆ ನಿಲ್ಲುತ್ತದೆ. ಹೇಳಲು ಹೆಂಡತಿಯ ಕಡೆ ತಿರುಗಿದರು. ಅವರ ಬಾಯಿಂದ ಮಾತು ಇನ್ನೂ ಹೊರಟಿರಲಿಲ್ಲ.

"ಹಗ್ಗ ಬಿಡ್ರೋ! ಎಲ್ರೂ ಹಗ್ಗ ಬಿಡಿ! ಗಾಳಿ ಬಂತು!"

ಎಲ್ಲ ದೋಣಿಗಳಲ್ಲೂ ಹಗ್ಗಗಳು ಕೈ ಬಿಟ್ಟವು, ಹಾಯಿಗಳು ಒಗೆದ ಬಟ್ಟೆಯಂತೆ ಪಟಪಟ ಬಡಿದುಕೊಂಡವು. ಒಂದು ದೋಣಿಯಲ್ಲಿ ಮಾತ್ರ ಕಾರ್ಯದರ್ಶಿಗಳು, "ಬಿಡೋದಾ? ಬಿಗಿಯಾಗಿ ಹಿಡಿ!" ಎಂದು ಹುಡುಗನ ಕೈಯಿಂದ ಹಗ್ಗ ಕಿತ್ತುಕೊಂಡು ತಾವೇ ಎದೆಗವಚಿ ಹಿಡಿದರು. ದೋಣಿ ಅವಸರವಿಲ್ಲದೆ ಮಗ್ಗುಲಾಯಿತು.

ಮಕ್ಕಳಿಬ್ಬರೂ ಕಲಿತ ಹಾಗೆ ಮಗುಚಿದ ದೋಣಿಯ ಅಂಚು ಹಿಡಿದು ತೇಲುತ್ತ ಮಾತಾಡಿಕೊಂಡಿದ್ದರು. ಕಾರ್ಯದರ್ಶಿಗಳು ದೋಣಿಯನ್ನು ಬಿಟ್ಟು, ಟೋಪಿಯನ್ನು ಒಂದು ಕೈಯಲ್ಲಿ ನೀರಿನಿಂದ ಮೇಲೆತ್ತಿ ಹಿಡಿದು, ದಡದತ್ತ ಈಜತೊಡಗಿದರು. ದಡ ತುಂಬ ದೂರವಿತ್ತು.

"ಏ ಬಿಳಿ ಪ್ಯಾಂಟು!" ಎಂಬ ಕೂಗು ನೀರಿನ ಮೇಲೆ ಹೊರಟಿತು. "ಎಲ್ಲಿಗೋ ಹೊರಟೆ, ಬಸ್ಸಿಗಾ? ದೋಣಿ ಹಿಡ್ಕೋ! ಚಿಕ್ಕ ಮಕ್ಕಳಿಗೆ ಗೊತ್ತಾಗಿದ್ದು ನಿನಗೆ ಗೊತ್ತಾಗಲ್ವಾ? ಟೋಪಿ ಬಿಡು, ದೋಣಿ ಹಿಡಿ!"

ಕಾರ್ಯದರ್ಶಿಗಳು ಈಜು ನಿಲ್ಲಿಸಿದರು. ಹಿಂತಿರುಗಿದರು. ಟೋಪಿ ಬಿಟ್ಟರು, ದೋಣಿ ಹಿಡಿದರು. ಅಣ್ಣನ ಚಡ್ಡಿ ಸರಿದು ಜಾಗ ಕೊಟ್ಟಳು.

"ಅವರು ಕಾರ್ಯದರ್ಶಿ" ಎಂದರು ಮೇಷ್ಟ್ರು, ಎಲ್ಲರ ಹಾಗಿನ ದನಿಯಲ್ಲಿ.

ಹೆಂಡತಿ ಕುರ್ಚಿಯಲ್ಲಿ ಕೂತರು. "ಮೊದ್ಲೇ ಹೇಳ್ಬಾರ್ದಾ?"

"ಮೆಷಿನ್ ಓಡ್ತಿತ್ತು."

ಕ್ಲಬ್ಬಿನ ಮೋಟಾರು ದೋಣಿ ಮೂವರನ್ನೂ ಎತ್ತಿ ತಂದಿತು. ಕಾರ್ಯದರ್ಶಿಗಳು ಜೆಟ್ಟಿ ಹತ್ತುವಾಗ ಪ್ಯಾಂಟು ಹಿಂಭಾಗದಲ್ಲಿ ಒಂದು ದೀರ್ಘ ಸದ್ದು ಮಾಡಿತು. ಏನೋ ಹೇಳಬೇಕೆಂದು ಎದೆಯುಬ್ಬಿಸಿದವರು ಎರಡೂ ಕೈ ಹಿಂದೆ ಕಟ್ಟಿಕೊಂಡು ದೋಣಿ ಕೋಣೆಯ ಗೋಡೆಗೆ ಒರಗಿ ನಿಂತರು.

"ಹೊಲಿಗೆ ಬಿಟ್ಟಿದೆ, ಬಟ್ಟೆ ಹರಿದಿಲ್ಲ" ಎಂದರು ಮೇಷ್ಟ್ರ ಹೆಂಡತಿ, ಸಂಕೋಚದಿಂದ. "ಬಿಚ್ಚಿ ಕೊಡಿ ಸಾರ್. ಸೂಜಿ ದಾರ ಚೀಲದಲ್ಲೇ ಇದೆ."

ದೋಣಿ ಇಡುವ ಕೋಣೆಯಲ್ಲಿ ಕಾರ್ಯದರ್ಶಿಗಳು ಹಳೆಯ ಹಾಯಿಯೊಂದನ್ನು ಸುತ್ತಿಕೊಂಡು ಹುಟ್ಟುಗಳ ನಡುವೆ ಕೂತರು. ವಿಚಾರಣೆ ನಡೆಸಲೆಂದೇ ಬಂದಿದ್ದರು, ಆದರೆ ಪ್ಯಾಂಟಿಲ್ಲದೆ ವಿಚಾರಣೆ ಆರಂಭವಾಗುತ್ತಿರಲಿಲ್ಲ. ಮೇಷ್ಟ್ರು ಎದುರಿಗೆ ನಿಂತಿದ್ದರು. ನಾಳೆಯಿಂದ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು ಎಂದು ಯೋಚಿಸುತ್ತಿದ್ದರು. ಕೊನೆಗೆ ಕೇಳಿಯೇಬಿಟ್ಟರು.

"ಪೀಪಾಯಿ ಹತ್ತಿರ ಕೇಳಿಸ್ತಾ ಸಾರ್?"

ಕಾರ್ಯದರ್ಶಿಗಳು ಸುತ್ತಿಕೊಂಡ ಹಾಯಿಯನ್ನು ಇನ್ನಷ್ಟು ಬಿಗಿದುಕೊಂಡರು. ಅವರಿಗೆ ಜಂಭವಿತ್ತು, ಆದರೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. ಜೊತೆಗೆ ನಿಯಮ ಅವರೇ ಬರೆದದ್ದು.

"ಕೇಳಿಸ್ತು" ಎಂದರು. ಆಮೇಲೆ, "ಬಸ್ಸಿಗಾ ಅಂದಿದ್ದೂ ಕೇಳಿಸ್ತು."

ಮುಂದಿನ ವರ್ಷಕ್ಕೂ ಮೇಷ್ಟ್ರೇ ಎಂದಾಯಿತು. ಪ್ಯಾಂಟು ಮೊದಲಿಗಿಂತ ಗಟ್ಟಿಯಾಗಿ ಹಿಂತಿರುಗಿತು.

ಮನೆಗೆ ನಡೆಯುವಾಗ ಮೇಷ್ಟ್ರಿಗೆ ಸಂತೋಷವಾಗಬೇಕಿತ್ತು. ಅರ್ಧ ಮಾತ್ರ ಆಗಿತ್ತು. ಬೀದಿಯ ತಿರುವಿನಲ್ಲಿ ನಿಂತರು.

"ಹಗ್ಗ ಬಿಡಿ ಅಂತ ನಾನು ಹೇಳೇ ಇರ್ಲಿಲ್ಲ. ನೀನಾಗೇ ಕೂಗಿದೆ."

"ಹೂಂ."

"ಗಾಳಿ ಬರೋದು ನಿನಗೆ ಹೇಗೆ ಗೊತ್ತಾಯ್ತು?"

"ಗಾಳಿ ಯಾರಿಗ್ರೀ ಗೊತ್ತು? ನಿಮ್ಮ ಮುಖ ನೋಡಿದೆ. ಇಪ್ಪತ್ತು ವರ್ಷದಿಂದ ಅದೇ ಮುಖ ಮಾಡ್ಕೊಂಡು ನಿದ್ದೇಲಿ 'ಹಗ್ಗ ಬಿಡೋ' ಅಂತ ಕೂಗ್ತೀರಲ್ಲ, ಇನ್ನೇನು ಕೂಗ್ಲಿ?"

 ಮೇಷ್ಟ್ರು ಆಕೆಯ ಕೈಯಲ್ಲಿದ್ದ ಕುರ್ಚಿಯನ್ನೂ ತಾವೇ ತೆಗೆದುಕೊಂಡರು.

ಆ ಸಂಜೆ ಗ್ರಂಥಾಲಯದಲ್ಲಿ, ಪತ್ರಿಕೆಗಳ ಮೇಜಿನ ಬಳಿ ದಿನವೂ ಕೂರುವ ಪಿಂಚಣಿದಾರರೊಬ್ಬರು ಎದ್ದು ಮೇಲ್ವಿಚಾರಕರ ಹತ್ತಿರ ಬಂದರು. ತಮ್ಮನ ವಿಚಾರ ಹಿಂದೆ ಯಾರಿಂದಲೋ ಕೇಳಿದ್ದ ನಾಲ್ವರಲ್ಲಿ ಅವರೂ ಒಬ್ಬರು.

"ಅಲ್ಲ ಸಾರ್, ನಿಮ್ಮ ತಮ್ಮ ಬೆಳಿಗ್ಗೆ ಬೆಳಿಗ್ಗೆ ಅಷ್ಟು ಜೋರಾಗಿ ಕೂಗ್ತಿದ್ರಲ್ಲ, ಈ ಸಲ ಅವರ ದನೀನೇ ಇಲ್ಲ. ಬರೀ ಒಂದು ಹೆಂಗಸಿನ ದನಿ ಕೇಳುತ್ತೆ. ಏನಾಯ್ತು ಅವರಿಗೆ?"

ಮೇಲ್ವಿಚಾರಕರ ಬೆರಳು ಅಭ್ಯಾಸದಂತೆ ತುಟಿಯತ್ತ ಹೊರಟಿತು, ಅರ್ಧದಲ್ಲೇ ಇಳಿಯಿತು. ಎಲ್ಲರ ಹಾಗಿನ ದನಿಯಲ್ಲಿ, ಇಡೀ ಕೋಣೆಗೆ ಕೇಳುವಂತೆ ಹೇಳಿದರು.

"ಮದುವೆ ಆಯ್ತು."