ಬೇವು ಕಟ್ಟಿದ ಬಾಗಿಲು

ಕಂಪ್ಲಿಗೆ ವರ್ಗವಾಗಿ ಬಂದ ಮೇಲೆ ನಾನು ಕಾಲುವೆಯ ಪಕ್ಕದ ಓಣಿಯೊಂದರಲ್ಲಿ, ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ವಾಸವಾಗಿದ್ದೆ. ಹೊಸಪೇಟೆಯಲ್ಲಿ ಅಣ್ಣನ ಮನೆಯಿತ್ತು; ಹಬ್ಬಕ್ಕೆ ಹೋಗಿಬರುವಷ್ಟು ಸಂಬಂಧ ಮಾತ್ರ ಉಳಿದಿತ್ತು. ಶಾಲೆಯಿಂದ ಹಿಂದಿರುಗಿದ ಮೇಲೆ ಮಾತನಾಡುವ ಅಗತ್ಯವೇ ಬೀಳುತ್ತಿರಲಿಲ್ಲ. ಗೋಡೆಯಾಚೆ ಒಂದು ಕೂಸು ಅಳುತ್ತಿತ್ತು, ನಗುತ್ತಿತ್ತು. ಆ ಸದ್ದನ್ನು ಕೇಳುತ್ತ ಕುಳಿತಿರುತ್ತಿದ್ದೆ. ಕೂಸಿನ ತಾಯಿ ಭತ್ತದ ನಾಟಿಗೆ ಹೋಗುವವಳು. ಆಕೆಯ ಗಂಡ ದೋಣಿಮಲೈಯ ಗಣಿಯಲ್ಲಿ ಕೂಲಿಗಿದ್ದು, ಅಪರೂಪಕ್ಕೆ ಬರುತ್ತಿದ್ದ.

ಆ ಮಳೆಗಾಲದಲ್ಲಿ ದಡಾರದ ಚುಚ್ಚುಮದ್ದು ಹಾಕಲು ನರ್ಸಮ್ಮ ನಮ್ಮ ಓಣಿಗೆ ಬಂದರು. ಅವರನ್ನು ಮನೆಮನೆಗೆ ಕರೆದೊಯ್ಯುವ ಕೆಲಸ ಶಿಕ್ಷಕಿಯಾದ ನನ್ನ ಪಾಲಿಗೆ ಬಿತ್ತು. ಪಕ್ಕದ ಮನೆಯ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿತ್ತು. ಮನೆಗೆ ಅಮ್ಮ ಬಂದಿದ್ದಾಳೆಂದು ಅದರ ಅರ್ಥ: ಮಗುವಿನ ಮೈಮೇಲೆ ಗುಳ್ಳೆ ಎದ್ದಿವೆ, ಹೊರಗಿನವರು ಹೊಸಿಲು ದಾಟಬಾರದು, ಸೂಜಿಯಂತೂ ಕೂಡದು.

“ಅಮ್ಮ ಇಳೀಲಿ ಬಿಡ್ರಿ, ಆಮ್ಯಾಲೆ ನೋಡೋಣ” ಎಂದು ನರ್ಸಮ್ಮ ನಿಂತಲ್ಲೇ ಕೈಮುಗಿದು ಮುಂದಿನ ಮನೆಗೆ ನಡೆದರು. ಸಂಜೆಯ ಹೊತ್ತಿಗೆ ಓಣಿ ಪೂರ್ತಿಯಾಯಿತೆಂದು ತಿಳಿದೆವು. ಬೇವು ಕಟ್ಟಿದ ಮನೆಯನ್ನು ಬಾಕಿಯೆಂದು ಯಾರೂ ಭಾವಿಸಲಿಲ್ಲ.

ಮರುದಿನ ಹಿತ್ತಲ ಗೋಡೆಯ ಮೇಲಿಂದ ನೋಡಿದರೆ ಕೂಸು ಮಣ್ಣು ತಿನ್ನುತ್ತ ಕುಳಿತಿತ್ತು. ಮೈಮೇಲೆ ಒಂದು ಗುಳ್ಳೆಯೂ ಇರಲಿಲ್ಲ.

“ಹೋದ ಸಲ ಸೂಜಿ ಹಾಕಿಸಿದಾಗ ಜ್ವರ ಬಂದ್ವು, ಟೀಚರಮ್ಮ” ಎಂದಳು ತಾಯಿ, ದನಿ ತಗ್ಗಿಸಿ. “ನಾಟಿ ಹೊತ್ತಿನ್ಯಾಗ ಮನ್ಯಾಗ ಕುಂತ್ರ ಗುಂಪಿಗೆ ಬ್ಯಾರೆದಾಕಿನ್ನ ಹಾಕ್ಕೊಂತಾರ. ಅದಕ್ಕ ಕಟ್ಟಿದೆ. ಯಾರ ಮುಂದೂ ಅನಬ್ಯಾಡ್ರಿ.”

ಬೇವು ನರ್ಸಮ್ಮನನ್ನು ಮಾತ್ರ ತಡೆಯುತ್ತದೆಂದು ಆಕೆ ನಂಬಿದ್ದಳು. ಕೆಲಸಕ್ಕೆ ಹೊರಟಾಗ ಗುಂಪಿನ ಹಿರಿಯ ಹೆಂಗಸು ದೂರದಿಂದಲೇ ಕೂಗಿದಳು: “ಎಲ್ಲಿಗ್ಲೇ ಹೊಂಟಿ? ಮನ್ಯಾಗ ಅಮ್ಮನ್ನ ಕುಂದ್ರಿಸಿ ಗದ್ಯಾಗ ಇಳಿತೀಯೇನ? ಪೈರಿಗೂ ಗುಳ್ಳಿ ಏಳ್ಲೇನ?”

ಉಳಿದವರು ನಕ್ಕರು. ಕಟ್ಟಿದ್ದು ಸುಳ್ಳೆಂದರೆ, ಅಮ್ಮನ ಹೆಸರಿನಲ್ಲಿ ಆಟವಾಡಿದಳೆಂದು ಊರೇ ಮೈಮೇಲೆ ಬೀಳುತ್ತಿತ್ತು. ಆಕೆ ಮನೆಗೆ ಹಿಂದಿರುಗಿದಳು. ಅಂದಿನಿಂದ ಆಕೆಗೆ ಮಜ್ಜಿಗೆ ಕೊಡುವವರಿಲ್ಲ, ನಲ್ಲಿಯ ಬಳಿ ಕೊಡ ಇಡಲು ಜಾಗವಿಲ್ಲ.

ಅಷ್ಟರಲ್ಲಿ ಕಾಲುವೆಯ ಆಚೆದಡದ ಗುಡಿಸಲುಗಳಿಗೆ ದಡಾರ ನಿಜವಾಗಿಯೇ ಬಂತು. ಅಲ್ಲೊಂದು ಮಗು ತೀರಿಕೊಂಡಿತು. ಸುದ್ದಿ ಕೇಳಿದ ಸಂಜೆಯೇ ಆಕೆ ಹಿತ್ತಲ ಗೋಡೆಯ ಬಳಿ ಬಂದು ನಿಂತಳು.

“ಹೆಂಗಾರ ಮಾಡಿ ಸೂಜಿ ಹಾಕಸ್ರಿ, ಟೀಚರಮ್ಮ.”

“ಆಸ್ಪತ್ರೆಗೆ ಹೋಗೋಣ. ಮೊದಲು ಬೇವು ತೆಗೆ.”

“ನೀರು ಹಾಕ್ದೆ, ಎಡಿ ಮಾಡ್ದೆ ಹೆಂಗ ತೆಗೀಲ್ರಿ? ಬರದೇ ಇದ್ದ ಅಮ್ಮಗ ಎಡಿ ಮಾಡಿದ್ರ ಸಿಟ್ಟಾಗಲ್ಲೇನು?”

“ಕರೆದವಳು ನೀನು. ಕಳಿಸುವವಳೂ ನೀನೇ.”

ಕೂಸಿಗೆ ಬೇವಿನ ನೀರು ಹಾಕಿದಳು. ಮೊಸರನ್ನದ ಎಡೆ ಮಾಡಿ, ಓಣಿಯ ಮುತ್ತೈದೆಯರನ್ನು ಊಟಕ್ಕೆ ಕರೆದಳು. “ಬರ್ತೀವಿ” ಎಂದವರು ಯಾರೂ ಬರಲಿಲ್ಲ. ಮದುವೆಯಾಗದ ನನ್ನನ್ನು ಇಂಥ ಊಟಕ್ಕೆ ಕರೆಯುವ ಪದ್ಧತಿಯಿಲ್ಲ, ಆಕೆಯೂ ಕರೆದಿರಲಿಲ್ಲ. ನಾನು ಹೊಸಿಲು ದಾಟಿ ಒಳಗೆ ಹೋಗಿ ಕುಳಿತೆ. ಆಕೆ ನನ್ನ ಮುಂದೆ ಎಲೆ ಹಾಕಿದಳು.

ಮರುದಿನ ಬಾಗಿಲಿನ ಬೇವು ಬಿಚ್ಚಿ ಆಸ್ಪತ್ರೆಗೆ ಹೋದೆವು. ಅಲ್ಲಿ ಬೆಂಚಿನ ಮೇಲಿದ್ದ ನಮ್ಮ ಓಣಿಯವರು ದೂರ ಸರಿದು ಕುಳಿತರು. ನರ್ಸಮ್ಮ ಕೂಸಿನ ಮೈಯನ್ನು ತಿರುಗಿಸಿ ನೋಡಿದರು. ಕಲೆಯಿಲ್ಲದ್ದನ್ನು ಕಂಡು ನನ್ನ ಮುಖ ನೋಡಿದರು. ಸೂಜಿ ಹಾಕಿ, “ವಾರದ ಮ್ಯಾಲೆ ಜ್ವರ ಬಂದ್ರೂ ಬರಬಹುದು, ಹೆದರಬ್ಯಾಡ” ಎಂದರು.

ಬೇವು ಇಳಿದುದನ್ನು ಕಂಡು ನಾಟಿಯ ಗುಂಪು ಆಕೆಯನ್ನು ಮತ್ತೆ ಸೇರಿಸಿಕೊಂಡಿತು. ಗದ್ದೆಗೆ ಇಳಿದು ಕೆಲವೇ ದಿನಗಳಾಗಿದ್ದವು, ಕೂಸಿಗೆ ಜ್ವರ ಬಂತು. ಅಂದು ಬೆಳಿಗ್ಗೆ ಗುಂಪಿನವರು ಬಾಗಿಲಲ್ಲಿ ಕರೆದಾಗ, ಬರುವುದಿಲ್ಲವೆಂದು ಆಕೆ ತಲೆಯಾಡಿಸಿದಳು. ಅವರು ಕಾಲುವೆಯ ದಂಡೆ ಹಿಡಿದು ಹೊರಟುಹೋದರು.

ನಾನು ಶಾಲೆಗೆ ಹೊರಡುವಾಗ ಆಕೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹೊಸಿಲಲ್ಲಿ ಕುಳಿತಿದ್ದಳು.

“ಸಂಜಿಕ ಜಲ್ದಿ ಬರ್ತೀರೇನ್ರಿ?” ಎಂದಳು.

ಯಾವಾಗ ಬರುವೆನೆಂದು ಯಾರಿಗಾದರೂ ಹೇಳಿ ಹೊರಡುವ ಅಭ್ಯಾಸ ನನಗೆ ಎಂದೋ ತಪ್ಪಿಹೋಗಿತ್ತು. ಶಾಲೆ ಬಿಡುವ ಹೊತ್ತನ್ನು ಆಕೆಗೆ ಹೇಳಿ ನಡೆದೆ.