ಗದಿಗೆವ್ವನ ಕೈಗೆ ಬಂದ ಮರಗಪ್ಪೆ

ಗದುಗಿನ ಮೆಣಸಿನಕಾಯಿ ವಖಾರಿಯಲ್ಲಿ ಗದಿಗೆವ್ವನ ಹಾಗೆ ಚೀಲದೊಳಗೆ ಕೈ ಹಾಕುವವರು ಬೇರೆ ಇರಲಿಲ್ಲ. ಉಳಿದ ಹೆಂಗಸರು ಬಾಯಿ ಬಿಚ್ಚಿದ ಚೀಲದ ಮೇಲಿನ ಕೆಂಪು ನೋಡಿ, ಕಾಯಿಯ ತುಂಬು, ಅಂದರೆ ತೊಟ್ಟು, ಮುರಿಯಲು ಕೂತುಬಿಡುತ್ತಿದ್ದರು. ಈಕೆ ಮಾತ್ರ ಮೊಳಕೈತನಕ ತೋಳು ತೂರಿಸಿ, ನಡುವಿನಿಂದ ಒಂದು ಹಿಡಿ ಕಾಯಿ ಹೊರಗೆಳೆಯುತ್ತಿದ್ದಳು. ತೇವ, ಬೂಸಲು, ಬಿಳಿಚಿದ ಕಾಯಿ ಎಲ್ಲ ಇರುವುದು ಅಲ್ಲೇ.

ಆ ಅಭ್ಯಾಸ ಮನೆಗೂ ಬಂದಿತ್ತು. ಹಾಲಿನವನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುತ್ತಿದ್ದಳು. ಕೀಲಿ ಹಾಕಿ ಓಣಿಯ ತಿರುವಿನತನಕ ಹೋದವಳು ವಾಪಸು ಬಂದು ಜಗ್ಗಿ ನೋಡುತ್ತಿದ್ದಳು. ಬೆಟಗೇರಿಯ ಆ ಚಾಳಿನಲ್ಲಿ ಅವಳಿಗೂ ಪಕ್ಕದ ಮನೆಯ ಅಮೀನಬಿಗೂ ಬಚ್ಚಲು ಒಂದೇ. ತನ್ನ ಸಾಬೂನು ಕೊಂಚ ಸವೆದಂತೆ ಕಂಡರೂ ಅವತ್ತೆಲ್ಲ ಅಮೀನಬಿಯ ಮೇಲೆ ಓರೆಗಣ್ಣು.

ಮುಂಗಾರು ಹಿಡಿದಾಗ ಆ ಬಚ್ಚಲಿಗೊಂದು ಮರಗಪ್ಪೆ ಬಂತು. ಕಂದು ಮೈ, ಉದ್ದನೆಯ ಕಾಲು, ಬೆರಳ ತುದಿಯಲ್ಲಿ ಗುಂಡನೆಯ ಬಿಲ್ಲೆ.

"ಯಾರ ತಂದು ಬಿಟ್ಟಾರ ಇದನ್ನ?" ಎಂದು ಗದಿಗೆವ್ವ ಕಸಬರಿಗೆ ಎತ್ತಿದಳು. ಕಪ್ಪೆ ಸರ್ರನೆ ಗೋಡೆ ಹತ್ತಿ, ಅಲ್ಲಿಂದ ಅವಳನ್ನೇ ಮಿಕಮಿಕ ನೋಡಿತು. ಅದಕ್ಕೂ ತನ್ನ ಮೇಲೆ ನಂಬಿಕೆಯಿಲ್ಲ ಅನ್ನುವುದು ಅವಳಿಗೆ ಯಾಕೋ ಹಿಡಿಸಿತು. ಎತ್ತಿದ ಕಸಬರಿಗೆ ಕೆಳಗಿಳಿಯಿತು. ದಿನ ಕಳೆದಂತೆ ದೀಪದ ಹತ್ತಿರ ಅದು ಹುಳ ಹಿಡಿಯುವುದನ್ನು ನೋಡುತ್ತ ನಿಲ್ಲುವುದೂ ರೂಢಿಯಾಯಿತು.

ಒಂದು ಸಂಜೆ ಕೆಲಸದಿಂದ ಬಂದವಳೇ, ಆಸೆ ತಡೆಯದೆ ಅದನ್ನು ಗಪ್ಪನೆ ಹಿಡಿದಳು. ಅದು ಅಂಗೈಯಲ್ಲೇ ಉಚ್ಚಿ ಹೊಯ್ದು, ಒದ್ದಾಡಿ, ನೆಲಕ್ಕೆ ಬಿತ್ತು. ಕಣ್ಣು ಒಳಗೆಳೆದುಕೊಂಡು ಮುದುಡಿತು. ಏನಾಯಿತೆಂದು ಗದಿಗೆವ್ವನಿಗೆ ಆಗ ಹೊಳೆಯಿತು. ಬೆಳಗಿನಿಂದ ಮೆಣಸಿನಕಾಯಿ ಹಿಡಿದ ಕೈ ಅದು! ಗಾಬರಿಯಲ್ಲಿ ತಂಬಿಗೆಗಟ್ಟಲೆ ನೀರು ಹೊಯ್ದಳು. ಕಪ್ಪೆ ತೆವಳುತ್ತ ಹಂಡೆಯ ಹಿಂದೆ ಹೋಯಿತು.

ಆಮೇಲೆ ಅದು ಮತ್ತೆ ಗೋಡೆಯ ಮೇಲೆ ಕಂಡಾಗ, ಅವಳು ಮುಟ್ಟುವ ಅವಸರ ಮಾಡಲಿಲ್ಲ. ದಿನಾ ಸಂಜೆ ಕೈಗೆ ಶೇಂಗಾ ಎಣ್ಣೆ ತಿಕ್ಕಿ, ಕಡಲೆ ಹಿಟ್ಟಿನಿಂದ ಉಜ್ಜಿ, ಮಜ್ಜಿಗೆಯಲ್ಲಿ ನೆನೆಸಿ, ಬರೀ ನೀರಿನಲ್ಲಿ ಮತ್ತೆ ಮತ್ತೆ ತೊಳೆಯುವಳು. ಬೆರಳನ್ನು ತನ್ನ ರೆಪ್ಪೆಗೆ ಒತ್ತಿಕೊಳ್ಳುವಳು; ಉರಿದರೆ ಇವತ್ತಿಗೆ ಬೇಡ. ಉರಿಯದಿದ್ದರೆ ಒದ್ದೆ ಕೈಯನ್ನು ಬಚ್ಚಲಿನ ಕಿಡಕಿಯ ಕಟ್ಟೆಯ ಮೇಲೆ ಸುಮ್ಮನೆ ಚಾಚಿ ಕೂರುವಳು. ಕಪ್ಪೆ ದೂರವೇ ಕೂರುತ್ತಿತ್ತು. ಕಸಬರಿಗೆ ಕಡ್ಡಿಯ ತುದಿಗೆ ಪತಂಗ ಸಿಕ್ಕಿಸಿ ಹಿಡಿದರೆ, ಬಂದು ಕಸಿದುಕೊಂಡು ಹಿಂದೆ ಸರಿಯುತ್ತಿತ್ತು.

ಒಂದು ದಿನ ಪತಂಗ ತೋರಿಸುವ ಮೊದಲೇ ಅದು ಅವಳ ಬೆರಳು ಹತ್ತಿತು. ಹತ್ತಿ, ತಿರುಗಿ, ಕಾಲು ಮಡಚಿ, ಹಳೆಯ ಜಾಗಕ್ಕೆ ಬಂದ ಹಾಗೆ ಕೂತಿತು. ಗದಿಗೆವ್ವನ ಸಂತೋಷ ಒಂದು ಉಸಿರಿನಷ್ಟು ಹೊತ್ತೂ ಉಳಿಯಲಿಲ್ಲ. ಇಷ್ಟು ಸಲೀಸಾಗಿ ಹೇಗೆ ಬಂತು? ಇದಕ್ಕೆ ಇನ್ನೊಬ್ಬರ ಕೈ ಗೊತ್ತಿದೆ! ಹುಡುಕಿದರೆ, ಹಂಡೆಯ ಹಿಂದೆ ತನ್ನದಲ್ಲದ ಒಂದು ಸಣ್ಣ ಬೋಗಾಣಿ, ಅದರ ತುಂಬ ತಿಳಿನೀರು.

ಮರುದಿನ ಅಮೀನಬಿಯನ್ನು ಕೇಳಿದಳು: "ಬಚ್ಚಲದಾಗಿನ ಕಪ್ಪಿ ಕಂಡಿಯೇನ್?"

"ಯಾವ ಕಪ್ಪಿ? ನಾ ಯಾವ ಕಪ್ಪೀನೂ ನೋಡಿಲ್ಲ ಯಕ್ಕಾ" ಎಂದು ಅಮೀನಬಿ ಒಳಗೆ ಹೋದಳು.

ಸುಳ್ಳು! ಯಾರಿಗೋ ಕೊಡಲು ಪಳಗಿಸುತ್ತಿದ್ದಾಳೆ, ಇಲ್ಲವೇ ಔಷಧಕ್ಕೆ. ಗದಿಗೆವ್ವನಿಗೆ ಊಟ ಸೇರಲಿಲ್ಲ.

ಜೋರು ಮಳೆಗೆ ವಖಾರಿಯ ಕೆಲಸ ಮಧ್ಯಾಹ್ನವೇ ನಿಂತ ದಿನ, ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಚಾಳಿಗೆ ಬಂದಳು. ಬಚ್ಚಲಿನಲ್ಲಿ ಯಾರೋ ಮೆಲ್ಲಗೆ ಮಾತಾಡುತ್ತಿದ್ದರು. ಬಾಗಿಲು ದೂಡಿದಳು. ಕುಕ್ಕರಗಾಲಲ್ಲಿ ಕೂತಿದ್ದ ಅಮೀನಬಿಯ ತೊಯ್ದ ಅಂಗೈಯ ಮೇಲೆ ಕಪ್ಪೆ.

"ನೋಡೇ ಇಲ್ಲ ಅಂದಿದ್ದ್ಯಲ್ಲ?"

ಅಮೀನಬಿ ಇನ್ನೊಂದು ಕೈಯನ್ನು ಕಪ್ಪೆಗೆ ಅಡ್ಡ ಹಿಡಿದಳು. "ಅಂದೆ. ನೀ ಕಸಬರಿಗಿ ಎತ್ತಿದ್ದು ನಾ ನೋಡೀನಿ. ಆಮ್ಯಾಲ ಒಂದಿನ ಇದು ಹಂಡೇದ ಹಿಂದ ಬಿದ್ದಿತ್ತು, ಮೈಯೆಲ್ಲಾ ಖಾರದ ವಾಸನಿ. ಕೊಲ್ಲಾಕಂತನ ಖಾರ ಹಾಕಿದ್ದಿ ನೀ. ಬೋಗಾಣ್ಯಾಗ ನೀರ ಇಟ್ಟು ಜ್ವಾಪಾನ ಮಾಡೀನಿ."

ಗದಿಗೆವ್ವ ಬಾಗಿಲಲ್ಲೇ ನಿಂತಳು. ಊರನ್ನೆಲ್ಲ ಸಂಶಯದಿಂದ ನೋಡಿದವಳಿಗೆ, ತನ್ನ ಮೇಲೂ ಒಬ್ಬರು ಹೀಗೆ ಕಣ್ಣಿಟ್ಟಿರಬಹುದೆಂದು ಎಂದೂ ತೋರಿರಲಿಲ್ಲ.

"ಹಾಕಲಿಲ್ಲ. ಖಾರ ನನ್ನ ಕೈಯಾಗ ಇತ್ತು. ಖಬರ ಇರಲಿಲ್ಲ."

"ಹೆಂಗ ನಂಬಲಿ?"

ಗದಿಗೆವ್ವ ತನ್ನ ಮನೆಯೊಳಗೆ ಹೋಗಿ ಎಣ್ಣೆ, ಹಿಟ್ಟು, ಮಜ್ಜಿಗೆ ತಂದಳು. ಅವಳೆದುರೇ ಕೂತು ಬೆರಳಿನ ಸಂದಿಸಂದಿ ತಿಕ್ಕಿ ತೊಳೆದಳು. ಅಮೀನಬಿ ಆ ಕೈಯನ್ನು ಎಳೆದುಕೊಂಡು ಮೂಸಿದಳು. ಮತ್ತೊಮ್ಮೆ ಮೂಸಿದಳು. ಬಳಿಕ ತನ್ನ ಅಂಗೈಯನ್ನು ಅವಳ ಅಂಗೈಗೆ ತಾಗಿಸಿ ಹಿಡಿದಳು. ಕಪ್ಪೆ ಸ್ವಲ್ಪ ಹೊತ್ತು ಅನುಮಾನಿಸಿ, ಒಂದೊಂದೇ ಕಾಲು ಎತ್ತಿಟ್ಟು ಈಚೆ ದಾಟಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಅಮೀನಬಿ ತನ್ನ ಮಗಳು ಶಾಹಿಸ್ತಾಳ ಬಾಣಂತನಕ್ಕೆಂದು ಲಕ್ಷ್ಮೇಶ್ವರಕ್ಕೆ ಹೋದಳು. ಹೋಗಿ ಮುಟ್ಟಿದ ಸಂಜೆಯೇ ಮಗಳ ಫೋನಿನಿಂದ ವೀಡಿಯೊ ಕಾಲ್ ಬಂತು.

"ಕೈ ತೊಳಕೊಂಡಿಯೇನ್ ಯಕ್ಕಾ?"

"ತೊಳಕೊಂಡೀನಿ."

"ಖರೆ? ಕಪ್ಪಿ ತೋರ್ಸು ನೋಡೂಣು."

ಗದಿಗೆವ್ವನಿಗೆ ಸಿಟ್ಟು ಬರಲಿಲ್ಲ. ಫೋನನ್ನು ಕಿಡಕಿಗೆ ಆನಿಸಿಟ್ಟು, ಕಪ್ಪೆಯಿದ್ದ ಕೈಯನ್ನು ಬೆಳಕಿಗೆ ಹಿಡಿದಳು. ಅಮೀನಬಿ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು.

"ಆತು, ಇಳಿಸಿನ್ನ. ಭಾಳೊತ್ತು ಹಿಡಕೋಬ್ಯಾಡ ಅದನ್ನ."

"ನಾ ಎಲ್ಲಿ ಹಿಡಕೊಂಡೀನಿ ಬೇ?" ಅಂದಳು ಗದಿಗೆವ್ವ. "ಅದ ಬಂದು ಕುಂತೈತಿ."