ಹತ್ತು ಕೋಟಿ ಗೆರೆಗಳು

ನಿನ್ನೆ ಮುಂಜಾನೆ ಎದ್ದು ಅಂಗಳ ಗುಡಿಸಿದೆ, ಹಾಲು ಕಾಸಿದೆ, ಮನೆಯವರಿಗೆ ಎರಡು ಹೊತ್ತಿಗಾಗುವಷ್ಟು ರೊಟ್ಟಿ ಬಡಿದಿಟ್ಟೆ, ಸುಟ್ಟುಹೋದ ನೀರಿನ ಮೋಟರನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಬೈಲಹೊಂಗಲದಲ್ಲಿ ಸವದತ್ತಿ ಬಸ್ಸು ಹತ್ತಿದೆ. ಇವೆಲ್ಲ ಹೇಳಲು ಸುಲಭ. ಇಷ್ಟು ವರ್ಷ ಹೇಳದೆ ಉಳಿದದ್ದು ಒಂದೇ — ಪರೀಕ್ಷೆಯ ದಿನ ಮಹಾದೇವಿಗೆ ತಪ್ಪು ಲೆಕ್ಕ ಹೇಳಿಕೊಟ್ಟವಳು ನಾನು. ತಪ್ಪೆಂದು ತಿಳಿದ ಮೇಲೂ ಬಾಯಿ ಬಿಡದೆ ನಿಂತವಳೂ ನಾನೇ.

ಬಿ.ಎಸ್ಸಿ. ಓದುವಾಗ ಮಹಾದೇವಿ ಮತ್ತು ನಾನು ಒಂದೇ ಕೋಣೆಯಲ್ಲಿದ್ದೆವು. ಕೊನೆಯ ವರ್ಷ ಭೌತಶಾಸ್ತ್ರದ ಸರ್ ನಮ್ಮಿಬ್ಬರನ್ನೂ ಕರೆದು, "ನಿಮ್ಮಿಬ್ಬರೊಳಗ ಯಾರ ಪ್ರಾಕ್ಟಿಕಲ್ ಚೊಲೊ ಆಗತೈತಿ, ಅವರನ್ನ ಲ್ಯಾಬಿನ ಕೆಲಸಕ್ಕ ತೊಗೊಳ್ಳೂಣು" ಅಂದಿದ್ದರು. ಇದ್ದದ್ದು ಒಂದೇ ಕೆಲಸ. ಇಬ್ಬರಿಗೂ ಬೇಕಾಗಿತ್ತು.

ಕಾಂತದ ಫ್ಲಕ್ಸ್ ಅಳೆಯುವ ನಮ್ಮ ಲ್ಯಾಬಿನ ಉಪಕರಣ ತೀರ ಹಳೆಯದು. ಅದರ ಮುಳ್ಳು ತೋರಿಸುತ್ತಿದ್ದುದು ಹಳೆಯ ಮಾನ, ಮ್ಯಾಕ್ಸ್‌ವೆಲ್. ಉತ್ತರ ಬರೆಯಬೇಕಾದ್ದು ವೆಬರ್‌ನಲ್ಲಿ. ಕಾಂತದ ಮೇಲೆ ಹಾಳೆ ಹಾಸಿ ಕಬ್ಬಿಣದ ಪುಡಿ ಉದುರಿಸಿದರೆ ಗೆರೆಗಳು ಏಳುತ್ತವಲ್ಲ — ಒಂದು ಮ್ಯಾಕ್ಸ್‌ವೆಲ್ ಎಂದರೆ ಅಂಥ ಒಂದು ಗೆರೆ ಅಂದುಕೊಳ್ಳಿರಿ, ಹತ್ತು ಕೋಟಿ ಗೆರೆ ಕೂಡಿದರೆ ಒಂದು ವೆಬರ್, ಎಂದು ಸರ್ ಹೇಳುತ್ತಿದ್ದರು. ಮಧ್ಯಾಹ್ನದ ಮಂಪರಿನಲ್ಲಿ ಆ ಗೆರೆಗಳನ್ನೇ ನೋಡುತ್ತ ಕೂತಿರುತ್ತಿದ್ದೆ. ಯಾರೋ ನಿದ್ದೆಯಲ್ಲಿ ಬಿಡಿಸಿದ ರಂಗೋಲಿಯಂತೆ...

ಪರೀಕ್ಷೆಯ ದಿನ ಮಹಾದೇವಿಯ ತಂಡ ಮೊದಲು, ನನ್ನದು ಆಮೇಲೆ. ಒಳಗೆ ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಕೇಳಿದಳು: "ಗಿರಿಜಾ, ಮ್ಯಾಕ್ಸ್‌ವೆಲ್ಲಿಂದ ವೆಬರ್‌ಕ್ಕ ಎಷ್ಟರಿಂದ ಭಾಗಿಸೂದs?"

"ಹತ್ತ ಸಾವಿರ."

ಅದು ಗಾಸ್‌ನಿಂದ ಟೆಸ್ಲಾಕ್ಕೆ ಹೋಗುವ, ಕಾಂತದ ಬೇರೆ ಮಾನಗಳ ಲೆಕ್ಕ. ಕಾಂತದ ಪಾಠ ಓದುವವರೆಲ್ಲ ಒಮ್ಮೆಯಾದರೂ ಇವೆರಡನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ಬೇಕಂತಲೇ ಹೇಳಿದ್ದಲ್ಲ. ಆದರೆ ನಳದ ಹತ್ತಿರ ಹೋಗಿ ಕೈ ತೊಳೆಯುವಾಗ ನೆನಪಾಯಿತು — ಹತ್ತು ಸಾವಿರ ಅಲ್ಲ, ಹತ್ತು ಕೋಟಿ. ತಿರುಗಿ ನೋಡಿದೆ. ಮಹಾದೇವಿ ಇನ್ನೂ ಬಾಗಿಲಲ್ಲೇ ನಿಂತು ಜಡೆಯ ತುದಿಗೆ ರಿಬ್ಬನ್ ಸುತ್ತುತ್ತಿದ್ದಳು. ಒಂದು ಸಲ ಕೂಗಿದ್ದರೆ ಸಾಕಿತ್ತು. ನಳ ಹರಿಯುತ್ತಿತ್ತು, ನಾನು ಕೈ ತೊಳೆಯುತ್ತಲೇ ಇದ್ದೆ, ಆಕೆ ಒಳಗೆ ಹೋದಳು.

ಆಕೆಗೆ ಬಂದದ್ದೂ ಅದೇ ಪ್ರಯೋಗ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಉತ್ತರ ನೋಡಿ, "ಏನವಾ, ಇಷ್ಟ ಫ್ಲಕ್ಸ್ ಇದ್ರ ಕಾಲೇಜಿನ ಕಿಟಕಿ ಸರಳೆಲ್ಲಾ ಕಿತಗೊಂಡ ಬಂದು ಈ ಕಾಂತಕ್ಕ ಅಂಟತಿದ್ವು!" ಎಂದು ನಕ್ಕರಂತೆ. ಪ್ರಯೋಗ ಮಾಡದೆಯೇ ಬರೆದ ಅಂಕಿ ಎಂದು ನಪಾಸು ಮಾಡಿದರು. ಕೆಲಸ ನನಗೆ ಬಂತು. ಇವತ್ತಿಗೂ ಅದರಲ್ಲೇ ಇದ್ದೇನೆ. ಮಹಾದೇವಿ ಮತ್ತೆ ಕಟ್ಟಿ ಪಾಸಾದಳು, ಮದುವೆಯಾಗಿ ಸವದತ್ತಿಯಲ್ಲಿ ಗಂಡನ ಮೋಟರ್ ರಿವೈಂಡಿಂಗ್ ಅಂಗಡಿ ಸೇರಿದಳು. ಗಂಡ ತೀರಿಕೊಂಡ ಮೇಲೆ ಅಂಗಡಿ ಆಕೆಯದೇ.

ಕನಸು ಒಂದೇ ಬರುತ್ತದೆ. ನಳದ ಹತ್ತಿರ ನಿಂತಿರುತ್ತೇನೆ. ನೆಲದಿಂದ ಕಬ್ಬಿಣದ ಪುಡಿ ಎದ್ದು ಗೆರೆಗೆರೆಯಾಗಿ ಆ ಬಾಗಿಲ ಕಡೆ ಹರಿಯುತ್ತದೆ. ನನ್ನ ದನಿ ಮಾತ್ರ —

ನಿನ್ನೆ ಅಂಗಡಿಗೆ ಹೋದಾಗ ಮಹಾದೇವಿ ಚೀಲ ಬಿಚ್ಚಿ, "ಮೋಟರ್ ಸುಡೂತನಾ ನನ್ನ ನೆನಪs ಆಗೂದಿಲ್ಲ ನಿನಗ" ಎಂದು ಬೈದಳು. ಹಳೆಯ ಸುತ್ತು ಕಿತ್ತು, ಸಂಜೆಯ ಹೊತ್ತಿಗೆ ಕಟ್ಟಿಗೆಯ ಅಚ್ಚಿಗೆ ಹೊಸ ತಾಮ್ರದ ತಂತಿ ಸುತ್ತತೊಡಗಿದಳು. ತುಟಿಯಲ್ಲೇ ಎಣಿಕೆ. ಒಂದು ಸುರುಳಿ ಮುಗಿದೊಡನೆ ಮಗಳನ್ನು ಕೂಗುವಳು: "ಪೂಜಾ, ಎಣಸ ಬಾ. ನನ್ನ ತಲಿ ನಂಬಂಗಿಲ್ಲ." ಇದು ಆಕೆಯ ಯಾವತ್ತಿನ ಚಾಷ್ಟಿ. ನಾನೂ ಪ್ರತಿ ಸಲ ನಗುತ್ತಿದ್ದೆ.

ಪೂಜಾ ಈಗ ಬಿ.ಎಸ್ಸಿ. ಓದುತ್ತಾಳೆ. ಅಜ್ಜನ ಕಾಲದ ಮೋಟರಿನ ಪುಸ್ತಕವೊಂದನ್ನು ತಂದು, "ಮಾವಶಿ, ಇದರಾಗ ಕಿಲೋಲೈನ್ ಅಂತ ಐತ್ರಿ. ವೆಬರ್‌ಕ್ಕ ಹೆಂಗ ತರೂದರಿ?" ಎಂದಳು.

"ಕಿಲೋಲೈನ್ ಅಂದ್ರ ಸಾವಿರ ಗೆರಿ. ಒಂದ ಲಕ್ಷ ಕಿಲೋಲೈನ್ ಕೂಡಿದ್ರ ಒಂದ ವೆಬರ್" ಎಂದೆ.

"ಚೊಲೊ ಮಾಡಿದಿ ಮಾವಶಿನ್ನ ಕೇಳಿದಿ" ಎಂದಳು ಮಹಾದೇವಿ, ಕೈ ನಿಲ್ಲಿಸದೆ. "ಪರೀಕ್ಷಾದ ದಿನಾನೂ ನಾ ಇಕಿನ್ನs ಕೇಳಿದ್ದೆ. ಇಕಿ ಬರೋಬರಿನs ಹೇಳಿರತಾಳ. ನಾನs ಗಾಬರಿಬಿದ್ದು ಒಳಗ ಹೋಗೂದರಾಗ ಕಲಸಿಬಿಟ್ಟೆ. ಅವತ್ತಿಂದ ನನ್ನ ಲೆಕ್ಕಾ ನಾ ನಂಬೂದಿಲ್ಲವಾ."

ಕೆಲಸ ಕಸಿದಿದ್ದೇನೆ ಎಂದಷ್ಟೇ ತಿಳಿದಿದ್ದೆ. ತಾನು ದಡ್ಡಿ ಎಂದುಕೊಂಡೇ ಇಷ್ಟು ಕಾಲ ಬದುಕಿದ್ದಾಳೆಂದು... ಆ ನಗೆಮಾತು ನಗೆಮಾತಲ್ಲವೆಂದು...

ಪೂಜಾ ಚಹಾ ಇಡಲು ಒಳಗೆ ಹೋದಳು.

"ನಾ ಹತ್ತ ಸಾವಿರ ಅಂದಿದ್ದೆ, ಮಹಾದೇವಿ. ನೀ ಕಲಸಲಿಲ್ಲ. ನಾ ಹೇಳಿದ್ದs ತಪ್ಪಿತ್ತು."

ಆಕೆಯ ತುಟಿ ನಿಂತಿತು. "ಗೊತ್ತಿದ್ದ?"

"ಹೇಳೂಮುಂದ ಗೊತ್ತಿರಲಿಲ್ಲ. ನಳದ ಹತ್ರ ನೆನಪಾತು. ನೀ ಇನ್ನೂ ಬಾಗಲದಾಗ ನಿಂತಿದ್ದಿ."

"ಒದರಿದ್ರ ಕೇಳಸ್ತಿತ್ತು."

"ಹೂಂ. ಕೇಳಸ್ತಿತ್ತು."

ಬಾಗಿಲಾಚೆ ಗುಡ್ಡದ ಮೇಲಿನ ಬೆಳಕು ತಾಮ್ರದ ಬಣ್ಣಕ್ಕೆ ತಿರುಗಿತ್ತು. "ಎಣಿಕಿ ತಪ್ಪತು" ಎಂದಷ್ಟೇ ಅಂದು, ಅಚ್ಚಿನ ಮೇಲಿನ ತಂತಿಯನ್ನೆಲ್ಲ ನಿಧಾನ ಬಿಚ್ಚಿದಳು. ಮತ್ತೆ ಒಂದರಿಂದ ಶುರುಮಾಡಿದಳು — ಈ ಸಲ ದನಿ ತೆಗೆದು, ನನಗೂ ಕೇಳುವ ಹಾಗೆ. ಸುರುಳಿ ಮುಗಿಯಿತು. ಪೂಜಾ ತಾನಾಗಿಯೇ ಬಂದು, "ಎಣಸಲೇನs ಯವ್ವಾ?" ಎಂದಳು.

"ಬ್ಯಾಡ. ಬರೋಬರಿ ಐತಿ."

ಅಚ್ಚಿನಿಂದ ಸುರುಳಿ ಬಿಡಿಸಿ, ದಾರ ಕಟ್ಟಿ ಪಕ್ಕಕ್ಕಿಟ್ಟಳು.

ಕ್ಷಮಿಸು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಆ ಕ್ಷಮೆಯನ್ನೂ ಆಕೆಯೇ ಕೊಡಬೇಕಾಗುತ್ತಿತ್ತು.

ಹೊಸ ಸುತ್ತಿಗೆ ಬಳಿದ ವಾರ್ನಿಷ್ ಒಣಗಬೇಕಿತ್ತು, ರಾತ್ರಿ ಅಲ್ಲೇ ಉಳಿದೆ. ಊಟಕ್ಕೆ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರು. ಎರಡನೆಯ ರೊಟ್ಟಿ ಹಿಡಿದು ಬಂದ ಮಹಾದೇವಿ, "ಹಾಕಲ್ಯಾ?" ಎಂದು ಕೇಳಿದಳು. ನನ್ನ ತಾಟಿಗೆ ಹಾಕುವಾಗ ಆಕೆ ಹಿಂದೆ ಎಂದೂ ಕೇಳಿದವಳಲ್ಲ. ಹಾಕು ಎಂದೆ.

ಹಾಸಿಗೆ ಮೂರನ್ನೂ ಸಾಲಾಗಿ ಹಾಸಿದಳು. ಮೊದಲು ನಿದ್ದೆ ಹೋದವಳು ಮಹಾದೇವಿ, ಆಮೇಲೆ ಪೂಜಾ.